ಸಾಂಕ್ರಾಮಿಕ ರೋಗ ಹಬ್ಬಿದಾಗ ಕುಡಿತ, ನಶೆಯ ಚಟ ಯಾಕೆ ಜಾಸ್ತಿಯಾಗುತ್ತದೆ?

ಮುಖ್ಯ ಕಾರಣ ಭಯ ಮತ್ತು ಒಂಟಿತನ. ಕೋವಿಡ್‌ನ ಮೊದಲ ವರ್ಷ ಜಗತ್ತಿನಲ್ಲಿ ಆತಂಕ, ಖಿನ್ನತೆ ಸುಮಾರು 25% ಹೆಚ್ಚಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಸೋಂಕಿನ ಹೆದರಿಕೆ, ಕೆಲಸ ಹೋದ ಚಿಂತೆ, ತೀರಿಕೊಂಡವರ ಮುಖ ನೋಡಲೂ ಆಗದ ಸಂಕಟ, ಎಲ್ಲ ಒಟ್ಟಿಗೇ ಬಂದವಲ್ವಾ?

ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೆ ಹೋಗಲು ಜಾಗವಿಲ್ಲ. ಸುಮ್ನೆ ಒಂದು ಗ್ಲಾಸ್. ಬೆಳಗ್ಗೆ ಬೇಗ ಏಳುವ ಅವಸರವೂ ಇಲ್ಲ, ಹಾಗಾಗಿ ಇನ್ನೊಂದು. ಮದ್ಯ ಬೇಗ ನಿದ್ದೆ ಬರಿಸುತ್ತದೆ, ನಿಜ. ಆದರೆ ನಡುರಾತ್ರಿ ದಾಟಿದ ಮೇಲೆ ಅದೇ ನಿದ್ದೆ ಕೆಡಿಸುತ್ತದೆ. ನಶೆ ಇಳಿದಾಗ ಆತಂಕ ಮೊದಲಿಗಿಂತ ಜಾಸ್ತಿ. ಅದನ್ನು ತಣಿಸಲು ಮತ್ತೆ ಗ್ಲಾಸ್. ಈ ಸುತ್ತೇ ನಿಜವಾದ ಅಪಾಯ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲರೂ ಹೆಚ್ಚು ಕುಡಿದರು ಅಂತಲ್ಲ, ಕಡಿಮೆ ಮಾಡಿದವರೂ ಇದ್ದಾರೆ. ಹೆಚ್ಚು ಪೆಟ್ಟು ತಿಂದವರು ಚಟ ಬಿಡುವ ಹಾದಿಯಲ್ಲಿದ್ದವರು. ವಾರವಾರ ಸೇರುತ್ತಿದ್ದ ಗುಂಪುಗಳು ನಿಂತವು. ಒಬ್ಬರೇ ಇರುವಾಗ ಡ್ರಗ್ಸ್ ಡೋಸ್ ಮಿತಿಮೀರಿದರೆ ನೋಡುವವರೇ ಇಲ್ಲ. ಅಮೆರಿಕದಲ್ಲಿ 2021ರ ಏಪ್ರಿಲ್‌ವರೆಗಿನ 12 ತಿಂಗಳಲ್ಲಿ ಡ್ರಗ್ಸ್ ಡೋಸ್ ಮಿತಿಮೀರಿ ಸತ್ತವರು 1 ಲಕ್ಷಕ್ಕೂ ಹೆಚ್ಚು. ಫೆಂಟನಿಲ್ ಎಂಬ ತೀರಾ ಪ್ರಬಲ ನೋವುನಿವಾರಕ ಮಾದಕದ ಪಾಲು ಅದರಲ್ಲಿ ದೊಡ್ಡದು, ಕೋವಿಡ್ ಒಂದನ್ನೇ ದೂರುವಂತಿಲ್ಲ.

ಒಂದು ಮಾತು: ದಿನವೂ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಡಾಕ್ಟರನ್ನು ಕೇಳಿದ ಮೇಲೆಯೇ ಕುಡಿತ ಬಿಡಿ.