ನೀರಿನ ಕೊಳವೆಗೆ ಜೋಡಿಸಿದ ಪಾದರಸದ ಮಾನೋಮೀಟರ್ ಹೆಚ್ಚು ಒತ್ತಡ ತೋರಿಸುತ್ತಿದೆ, ಬದಲಾಯಿಸಬೇಕೇ?

ಎರಡು ಕಡೆಗಳ ಒತ್ತಡದ ವ್ಯತ್ಯಾಸವನ್ನು ತೋರಿಸುವ ನಿಮ್ಮ ಯು-ಆಕಾರದ ಗಾಜಿನ ಮಾನೋಮೀಟರಿನಲ್ಲಿ ಪಾದರಸದ ಮಟ್ಟಗಳ ಅಂತರ 250 ಮಿ.ಮೀ., ನಿಮ್ಮ ಲೆಕ್ಕದಲ್ಲಿ ಅದು 3.40 ಮೀಟರ್ ನೀರು, ಡಿಜಿಟಲ್ ಗೇಜಿನಲ್ಲಿ ಮಾತ್ರ 3.15 ಮೀಟರ್, ಆದ್ದರಿಂದ ಹಳೆಯ ಯು-ಕೊಳವೆಯನ್ನು ಕಿತ್ತುಹಾಕಬೇಕೇ ಎಂದು ಕೇಳಿದ್ದೀರಿ. ಕೀಳಬೇಡಿ. ಆ ಎರಡು ಅಂಕಿಗಳನ್ನು ಓದಿದ ಕೂಡಲೇ 1998ರಲ್ಲಿ ನನ್ನ ಕೈಯಿಂದ ಹಾಳಾದ ಐದು ಇಂಪೆಲ್ಲರುಗಳು, ಅಂದರೆ ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರಗಳು, ಕಣ್ಣೆದುರು ಬಂದವು.

ಆಗ ನಾನು ಪೀಣ್ಯದ ಒಂದು ಪಂಪ್ ಕಾರ್ಖಾನೆಯ ಪರೀಕ್ಷಾ ವಿಭಾಗಕ್ಕೆ ಹೊಸಬ. ಅದಕ್ಕೂ ಮೊದಲು ಎರಡು ವರ್ಷ ಗಾಳಿಯ ಬ್ಲೋಯರುಗಳನ್ನು ಪರೀಕ್ಷಿಸುವ ಕೆಲಸ ಮಾಡಿದ್ದೆ. ಅಲ್ಲಿ ಮಾನೋಮೀಟರಿನ ಹಿಂದಿನ ಹಲಗೆಯ ಮೇಲೆ ಯಾರೋ ಹಿರಿಯರು ಬರೆದು ಅಂಟಿಸಿದ್ದ ಒಂದು ಚೀಟಿಯಿತ್ತು: ಪಾದರಸದ ಅಂತರವನ್ನು 13.6ರಿಂದ ಗುಣಿಸಿದರೆ ನೀರಿನ ಎತ್ತರ ಸಿಗುತ್ತದೆ. ಆ ಸೂತ್ರವನ್ನು ತಲೆಯಲ್ಲಿಟ್ಟುಕೊಂಡೇ ನಾನು ಹೊಸ ಕೆಲಸಕ್ಕೆ ಬಂದಿದ್ದೆ. ಇಲ್ಲಿ ಪಂಪಿನಿಂದ ಹೊರಬರುವ ನೀರನ್ನು ವೆಂಚುರಿಮೀಟರಿನಿಂದ ಅಳೆಯುತ್ತಿದ್ದರು. ಅದರ ಬಾಯಿಗೂ ಕಿರಿದಾದ ಕಂಠಕ್ಕೂ ನಡುವಿನ ಒತ್ತಡದ ವ್ಯತ್ಯಾಸವನ್ನು ಪಾದರಸದ ಯು-ಕೊಳವೆ ತೋರಿಸುತ್ತಿತ್ತು. ಗ್ರಾಹಕರಿಗೆ ಸೆಕೆಂಡಿಗೆ 20 ಲೀಟರ್ ಬೇಕಿತ್ತು. ನನ್ನ ಲೆಕ್ಕದಲ್ಲಿ ಪ್ರತಿ ಪಂಪೂ ಸುಮಾರು 20.8 ಲೀಟರ್ ಕೊಡುತ್ತಿತ್ತು. ಹೆಚ್ಚಾದರೆ ಮೋಟರಿನ ಮೇಲೆ ಹೊರೆ ಬೀಳುತ್ತದೆ ಎಂದು ಐದೂ ಇಂಪೆಲ್ಲರುಗಳನ್ನು ಲೇತಿಗೆ ಕಳಿಸಿ, ಹೊರವ್ಯಾಸವನ್ನು ಕಡಿಮೆ ಮಾಡಿಸಿ, ನನ್ನ ಕಾಗದದಲ್ಲಿ ಸರಿಯಾಗಿ 20 ಬರುವಂತೆ ಮಾಡಿದೆ.

ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ, ಏಕೆಂದರೆ ನೀವು ಮಾಡಿರುವುದೂ ಅದನ್ನೇ. ಯು-ಕೊಳವೆಯಲ್ಲಿ ಪಾದರಸ ಕೆಳಗಿಳಿದಿರುವ ಕಡೆಯ ಮಟ್ಟದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಆ ಗೆರೆಯ ಕೆಳಗೆ ಎರಡೂ ಕಡೆ ಒಂದೇ ಪಾದರಸ ಅಖಂಡವಾಗಿ ನಿಂತಿರುವುದರಿಂದ, ಗೆರೆಯ ಮಟ್ಟದಲ್ಲಿ ಎರಡೂ ತೋಳುಗಳ ಒತ್ತಡ ಒಂದೇ. ಈಗ ಮೇಲೆ ನೋಡಿ. ಒಂದು ತೋಳಿನಲ್ಲಿ 250 ಮಿ.ಮೀ. ಪಾದರಸವಿದೆ, ಇನ್ನೊಂದು ತೋಳಿನ ಅದೇ 250 ಮಿ.ಮೀ. ಎತ್ತರ ಖಾಲಿಯಿಲ್ಲ, ಅಲ್ಲಿ ನೀರು ತುಂಬಿದೆ. ಆ ನೀರಿಗೂ ತೂಕವಿದೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ; ಆ 13.6ರಲ್ಲಿ ಒಂದು ಪಾಲನ್ನು ಎದುರಿನ ನೀರೇ ಸರಿದೂಗಿಸಿಬಿಡುವುದರಿಂದ ಉಳಿಯುವುದು 12.6. ಬ್ಲೋಯರಿನಲ್ಲಿ ಪಾದರಸದ ಮೇಲಿದ್ದದ್ದು ಗಾಳಿ. ಘನಮೀಟರಿಗೆ ಸುಮಾರು 1.2 ಕಿಲೋ ತೂಗುವ ಗಾಳಿಯನ್ನು, 13,600 ಕಿಲೋ ತೂಗುವ ಪಾದರಸದ ಮುಂದೆ ಮರೆತರೆ ನಡೆಯುತ್ತದೆ. ನೀರನ್ನು ಮರೆತರೆ ನಡೆಯುವುದಿಲ್ಲ. ಚೀಟಿ ಸುಳ್ಳಾಗಿರಲಿಲ್ಲ, ನಾನು ಅದನ್ನು ಸಲ್ಲದ ಜಾಗಕ್ಕೆ ತಂದಿದ್ದೆ, ಅಷ್ಟೆ.

ಈ ತಪ್ಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹರಿವು ನಿಂತಾಗ ಎರಡೂ ತೋಳುಗಳ ಪಾದರಸ ಸಮನಾಗಿಯೇ ನಿಲ್ಲುತ್ತದೆ, ಆದ್ದರಿಂದ ಸೊನ್ನೆಯನ್ನು ಪರಿಶೀಲಿಸಿದರೆ ಏನೂ ತಿಳಿಯದು. ಒತ್ತಡದ ಲೆಕ್ಕ ಪ್ರತಿ ಅಳತೆಯಲ್ಲೂ ಅದೇ ಅನುಪಾತದಲ್ಲಿ, ಶೇ. 7.9ರಷ್ಟು, ಹೆಚ್ಚಾಗುತ್ತದೆ, ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ಅಲ್ಲಿ ಶೇ. 3.9ರಷ್ಟು. ನನ್ನ ಗ್ರಾಫಿನ ಗೆರೆ ಎಷ್ಟು ನುಣುಪಾಗಿತ್ತೆಂದರೆ ಅದನ್ನು ಅನುಮಾನಿಸಬೇಕೆಂದು ನನಗೆ ತೋಚಲೇ ಇಲ್ಲ.

ಗ್ರಾಹಕರ ಕಡೆಯಲ್ಲಿ ಒಂದು ಅಳತೆಯ ತೊಟ್ಟಿಯಿತ್ತು, ಉದ್ದ ಎರಡು ಮೀಟರ್, ಅಗಲ ಒಂದು ಮೀಟರ್. ನೀರು 600 ಮಿ.ಮೀ. ಏರಲು 60 ಸೆಕೆಂಡು ಸಾಕಾಗಬೇಕಿತ್ತು. ಐದು ಪಂಪಿಗೂ 62 ಸೆಕೆಂಡು ದಾಟಿತು. ನಾನು ಸ್ಟಾಪ್‌ವಾಚನ್ನು ದೂರಿದೆ. ತೊಟ್ಟಿಯ ಬಳಿಯಿದ್ದ ಹಿರಿಯ ಕೆಲಸಗಾರರೊಬ್ಬರು ತಮ್ಮ ಕೈಗಡಿಯಾರದಲ್ಲೂ ಹಿಡಿದು ತೋರಿಸಿ, "ತೊಟ್ಟಿಗೆ ಯಾರ ಹಂಗೂ ಇಲ್ಲ ಸಾರ್" ಎಂದರು. ಲೇತಿಗೆ ಹೋಗುವ ಮುನ್ನ ಆ ಪಂಪುಗಳು ಸರಿಯಾಗಿಯೇ ಇದ್ದವು. ತುರಿದುಹೋದ ಎರಕದ ಕಬ್ಬಿಣವನ್ನು ಮತ್ತೆ ಅಂಟಿಸಲಾಗದು; ಐದೂ ಇಂಪೆಲ್ಲರುಗಳು ಗುಜರಿಗೆ ಹೋದವು, ನನ್ನ ಆ ವರ್ಷದ ಇನ್‌ಕ್ರಿಮೆಂಟೂ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 250 ಮಿ.ಮೀ.ಯನ್ನು 12.6ರಿಂದ ಗುಣಿಸಿ ನೋಡಿ, 3.15 ಮೀಟರ್ ಬರುತ್ತದೆ. ಎರಡು ಉಪಕರಣಗಳೂ ಒಂದೇ ಮಾತನ್ನು ಹೇಳುತ್ತಿವೆ. ಗಾಜಿನ ಎರಡು ತೋಳುಗಳ ಒಳವ್ಯಾಸ ಒಂದೇ ಸಮನಾಗಿಲ್ಲ ಎಂಬ ನಿಮ್ಮ ಇನ್ನೊಂದು ಅನುಮಾನಕ್ಕೂ ಇಲ್ಲಿ ಕೆಲಸವಿಲ್ಲ. ಎರಡೂ ಮಟ್ಟಗಳನ್ನು ಓದಿ ಅಂತರ ತೆಗೆಯುವವರೆಗೆ ಒತ್ತಡವನ್ನು ನಿರ್ಧರಿಸುವುದು ಲಂಬ ಎತ್ತರವೇ ಹೊರತು ಕೊಳವೆಯ ದಪ್ಪವಲ್ಲ. ಪಾದರಸದ ಆವಿ ವಿಷ ಎಂಬ ಕಾರಣಕ್ಕೆ ಅದನ್ನು ಬಿಡುವುದಾದರೆ ಖಂಡಿತ ಬಿಡಿ, ಅದು ನ್ಯಾಯವಾದ ಕಾರಣ. ತಪ್ಪು ತೋರಿಸುತ್ತದೆ ಎಂಬ ಆರೋಪ ಹೊರಿಸಿ ಮಾತ್ರ ಬಿಡಬೇಡಿ.

ಲೆಕ್ಕ ತಿದ್ದಿದ ಮೇಲೂ ಅಲ್ಪಸ್ವಲ್ಪ ವ್ಯತ್ಯಾಸ ಉಳಿದರೆ, ಜೋಡಣೆಯ ನಳಿಗೆಗಳಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಒಂದು ಕಡೆಯ ಲಂಬ ನಳಿಗೆಯಲ್ಲಿ 40 ಮಿ.ಮೀ. ಎತ್ತರದ ಗಾಳಿಗುಳ್ಳೆಯಿದ್ದರೆ ಪಾದರಸದ ಅಂತರ ಸುಮಾರು 3 ಮಿ.ಮೀ. ತಪ್ಪುತ್ತದೆ, ಮತ್ತು ಗುಳ್ಳೆ ಅಷ್ಟೇ ಇರುವವರೆಗೆ ಆ ತಪ್ಪು ಹರಿವು ಹೆಚ್ಚಲಿ ಕಡಿಮೆಯಾಗಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹರಿವು ಪೂರ್ತಿ ನಿಂತಾಗಲೂ ಪಾದರಸ ಸಮನಾಗಿ ನಿಲ್ಲದಿದ್ದರೆ ಮೇಲಿನ ಕಾಕ್ (ಸಣ್ಣ ನಲ್ಲಿ) ತೆರೆದು, ಗುಳ್ಳೆಗಳು ನಿಲ್ಲುವವರೆಗೆ ನೀರು ಹರಿಯಬಿಡಿ. ಆದರೆ ಎರಡೂ ಕಡೆಯ ಕಾಕುಗಳನ್ನು ನಿಧಾನವಾಗಿ, ಒಟ್ಟಿಗೇ ತೆರೆಯಿರಿ, ಇಲ್ಲದಿದ್ದರೆ ಪಾದರಸವೇ ಕೊಳವೆಗೆ ನುಗ್ಗಿಹೋಗುತ್ತದೆ.