ಹೊಳೆ ದಂಡೆಯಲ್ಲಿ ಕೂತರೂ ಹಗುರಾಗಲಿಲ್ಲ

ಪ್ರಶ್ನೆ: ಹೋದ ವರ್ಷ ಅಪ್ಪ ತೀರಿಕೊಂಡರು. ನಾಲ್ಕು ದಿನ ಕಾಡು, ಹೊಳೆ ಅಂತ ಓಡಾಡಿ ಬಾ, ಹಗುರಾಗುತ್ತೆ ಅಂದರು ಎಲ್ಲರೂ. ಕಾಲೇಜಿನಲ್ಲಿ ಓದಿದ್ದ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ಸ್ ಪದ್ಯವೂ ನೆನಪಾಯಿತು. ತೀರ್ಥಹಳ್ಳಿಗೆ ಹೋಗಿ ತುಂಗೆಯ ದಂಡೆಯಲ್ಲಿ ಎರಡು ದಿನ ಕೂತು ಬಂದೆ. ಏನೂ ಅನ್ನಿಸಲಿಲ್ಲ. ಈ ಕವಿಗಳು ಸುಮ್ನೆ ಬರೆದರಾ, ಇಲ್ಲ ನನ್ನಲ್ಲೇ ಏನಾದರೂ ಕೊರತೆಯಾ?
– ಓದುಗರು, ಶಿವಮೊಗ್ಗ

ಉತ್ತರ: ಕೊರತೆ ಏನೂ ಇಲ್ಲ. ಆ ಪದ್ಯವನ್ನೇ ಇನ್ನೊಂದು ಸಲ ತೆಗೆದು ನೋಡಿ. ಡ್ಯಾಫೊಡಿಲ್ ಅನ್ನುವ ಹಳದಿ ಹೂಗಳನ್ನು ಕಂಡು ವರ್ಡ್ಸ್‌ವರ್ತ್‌ಗೆ ಅಲ್ಲೇ ಖುಷಿಯಾಯಿತು, ನಿಜ. ಆದರೆ ಅವು ತನಗೆ ಎಂಥ ಸಂಪತ್ತು ಕೊಟ್ಟವು ಅನ್ನುವುದು ಆಗ ತಲೆಗೆ ಬರಲೇ ಇಲ್ಲ ಅಂತ ಅವನೇ ಹೇಳುತ್ತಾನೆ. ಅದು ಗೊತ್ತಾಗುವುದು ಆಮೇಲೆ, ಮನೆಯೊಳಗೆ ಮಂಕಾಗಿ ಮಲಗಿದ್ದಾಗ, ಕರೆಯದೇ ಆ ಹೂಗಳು ಕಣ್ಣ ಮುಂದೆ ಬಂದಾಗ. ಅವನು ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಿದ್ದು 1802ರ ಏಪ್ರಿಲ್ 15ರಂದು, ಪದ್ಯ ಅಚ್ಚಾಗಿದ್ದು 1807ರಲ್ಲಿ. ನೀವು ಎರಡೇ ದಿನಕ್ಕೆ ಲೆಕ್ಕ ಕೇಳುತ್ತಿದ್ದೀರಿ!

ಇನ್ನೊಂದು ವಿಷಯ. ಪದ್ಯದಲ್ಲಿ ಅವನು ಮೋಡದ ಹಾಗೆ ಒಂಟಿ. ನಿಜವಾಗಿ ಪಕ್ಕದಲ್ಲಿ ತಂಗಿ ಡೊರೊತಿ ಇದ್ದಳು, ಅವತ್ತಿನ ಜೋರು ಗಾಳಿಯನ್ನೂ ಹೂಗಳನ್ನೂ ಡೈರಿಯಲ್ಲಿ ಬರೆದಿಟ್ಟವಳು ಅವಳೇ. ಕೆಲವು ಹೂಗಳು ದಣಿದು, ದಿಂಬಿಗೆ ಒರಗಿದ ಹಾಗೆ ಕಲ್ಲಿನ ಮೇಲೆ ತಲೆಯಿಟ್ಟಿದ್ದವು, ಉಳಿದವು ಕುಣಿಯುತ್ತಿದ್ದವು ಅನ್ನುತ್ತಾಳೆ. ಅಣ್ಣನ ಪದ್ಯಕ್ಕೆ ಕುಣಿಯುವ ಹೂಗಳಷ್ಟೇ ಬಂದವು, ದಣಿದವು ಡೈರಿಯಲ್ಲೇ ಉಳಿದವು. (ನನಗೆ ಪದ್ಯಕ್ಕಿಂತ ಆ ಡೈರಿಯೇ ಜಾಸ್ತಿ ಇಷ್ಟ.)

ನಿಮಗೆ ಆಗಿದ್ದನ್ನು ಬರೆದವನು ವರ್ಡ್ಸ್‌ವರ್ತ್‌ನ ಗೆಳೆಯ, ಕವಿ ಕೋಲ್‌ರಿಜ್. ಅದೇ 1802ರಲ್ಲಿ ಬರೆದ 'ಡಿಜೆಕ್ಷನ್' (ಅಂದರೆ ಖಿನ್ನತೆ) ಅನ್ನುವ ಪದ್ಯದಲ್ಲಿ ಅವನು ಸಂಜೆಯ ಹಳದಿ-ಹಸಿರು ಆಕಾಶ, ಮೋಡಗಳ ನಡುವಿನ ನಕ್ಷತ್ರ, ಚಂದ್ರ ಎಲ್ಲವನ್ನೂ ನೋಡುತ್ತಾ ಕೂರುತ್ತಾನೆ. ಇವೆಲ್ಲ ಎಷ್ಟು ಚೆಂದ ಅಂತ ಕಾಣುತ್ತಿದೆ, ಆದರೆ ಮನಸ್ಸಿಗೆ ತಟ್ಟುತ್ತಿಲ್ಲ ಅನ್ನುತ್ತಾನೆ. ತುಂಗೆಯ ದಂಡೆಯಲ್ಲಿ ನಿಮಗೂ ಇದೇ ಆಗಿದ್ದು ಅಲ್ವಾ? ನಾವು ಕೊಟ್ಟಷ್ಟೇ ಪ್ರಕೃತಿ ನಮಗೆ ತಿರುಗಿ ಕೊಡುವುದು ಅಂತ ಅವನ ವಾದ. ದುಃಖದಲ್ಲಿರುವವರಿಗೆ ಇದು ಸ್ವಲ್ಪ ಕಠಿಣ ಮಾತೇ ಅನ್ನಿ.

ವರ್ಡ್ಸ್‌ವರ್ತ್‌ಗೂ ಆ ದಿನ ಬಂತು. 1805ರಲ್ಲಿ ಅವನ ತಮ್ಮ ಜಾನ್ ಹಡಗು ಮುಳುಗಿ ಸತ್ತ. ಅದಾದ ಮೇಲೆ ಬಿರುಗಾಳಿಯ ಸಮುದ್ರ, ದಡದಲ್ಲೊಂದು ಕೋಟೆ ಇರುವ ಚಿತ್ರ ನೋಡಿ ಒಂದು ಪದ್ಯ ಬರೆದ. ಹಿಂದೆ ಅದೇ ಕೋಟೆಯ ಪಕ್ಕ ಕೆಲವು ವಾರ ಇದ್ದಾಗ ಸಮುದ್ರ ಕನ್ನಡಿಯ ಹಾಗೆ ಶಾಂತವಾಗಿತ್ತಂತೆ. ಈಗ ಆ ನಗುವ ಸಮುದ್ರವನ್ನು ನೋಡಿ ಮೊದಲಿನ ಹಾಗೆ ಇರಲು ತನಗೆ ಆಗುವುದಿಲ್ಲ, ಈ ಬಿರುಗಾಳಿಯ ಚಿತ್ರವೇ ಸರಿಯಾಗಿದೆ ಅಂದ.

ಮತ್ತೆ ತೀರ್ಥಹಳ್ಳಿಗೆ ಹೋಗುವುದಾದರೆ ಮಳೆಗಾಲದಲ್ಲಿ ಹೋಗಿ, ತುಂಗೆ ಕೆಂಪಗೆ ತುಂಬಿ ಹರಿಯುವಾಗ. ಒಬ್ಬರೇ ಬೇಡ, ನಿಮ್ಮ ಅಪ್ಪನನ್ನು ಬಲ್ಲ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.