ಮೊದಲ ಕಡಲಯಾನಕ್ಕೆ ಯಾವ ಹಡಗು?

ಪ್ರಶ್ನೆ: ನಾನು, ನಮ್ಮ ಯಜಮಾನರು, 13 ಮತ್ತು 7 ವರ್ಷದ ಇಬ್ಬರು ಮಕ್ಕಳು, 74ರ ಮಾವನವರು, 68ರ ಅತ್ತೆಯವರು, ಹೀಗೆ ಆರು ಮಂದಿ ಬರುವ ಚಳಿಗಾಲದಲ್ಲಿ ಮೊದಲ ಸಲ ಕ್ರೂಸ್‌ಗೆ ಹೋಗಬೇಕೆಂದಿದ್ದೇವೆ. ಅತ್ತೆಯವರಿಗೆ ಮೊಣಕಾಲು ನೋವು, ಮಾವನವರಿಗೆ ಬಿ.ಪಿ. ಇದೆ. ಮಕ್ಕಳಿಗೆ ನೀರಿನ ಜಾರುಬಂಡಿಯಿರುವ ದೊಡ್ಡ ಹಡಗೇ ಬೇಕಂತೆ. ಟ್ರಾವೆಲ್ ಏಜೆಂಟರು ದಿನಕ್ಕೊಂದು ಹೆಸರು ಹೇಳುತ್ತಾರೆ. ಯಾವುದನ್ನು ಆರಿಸಲಿ?
– ಗೃಹಿಣಿ, ಕಲಬುರಗಿ

ಉತ್ತರ: ಹಡಗಿನ ಹೆಸರನ್ನು ಸದ್ಯಕ್ಕೆ ಬದಿಗಿಟ್ಟು, ಅತ್ತೆಯವರ ಮೊಣಕಾಲಿನಿಂದ ಲೆಕ್ಕ ಶುರು ಮಾಡಿ. ಮಕ್ಕಳು ಯಾವ ಹಡಗಿನಲ್ಲಾದರೂ ಆಡಿಕೊಳ್ಳುತ್ತಾರೆ. ಹಿರಿಯರಿಗೆ ಒಗ್ಗದಿದ್ದರೆ ಮನೆಮಂದಿಯೆಲ್ಲ ಕ್ಯಾಬಿನ್ನಿನ ಬಾಗಿಲಲ್ಲೇ ಕಾವಲು ಕುಳಿತುಕೊಳ್ಳಬೇಕಾಗುತ್ತದೆ. ಆದ್ದರಿಂದ ಮೊದಲು ಎಷ್ಟು ರಾತ್ರಿ, ಯಾವ ದಾರಿ, ಎಂಥ ಕ್ಯಾಬಿನ್ ಎಂಬುದನ್ನು ತೀರ್ಮಾನಿಸಿಕೊಂಡರೆ, ಹೊಂದುವ ಹಡಗು ತಾನಾಗಿ ಒಂದೆರಡಕ್ಕೆ ಇಳಿಯುತ್ತದೆ.

ಮೊದಲ ಸಲಕ್ಕೆ ಎರಡು, ಹೆಚ್ಚೆಂದರೆ ಮೂರು ರಾತ್ರಿ ಸಾಕು. ನಿಮಗೆ ಅನುಕೂಲದ ಬಂದರು ಮುಂಬೈ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದರೆ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿಯುತ್ತೀರಿ, ಕ್ರೂಸ್ ಹಡಗುಗಳು ಹೊರಡುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷದ ದಾರಿ. ಆದರೆ ಹಡಗು ಹೊರಡುವ ದಿನವೇ ಬೆಳಿಗ್ಗೆ ಮುಂಬೈ ಮುಟ್ಟುವ ಸಾಹಸ ಬೇಡ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ಹಿಂದಿರುಗುವುದಿಲ್ಲ. ಒಂದು ರಾತ್ರಿ ಮೊದಲೇ ಹೋಗಿ ತಂಗಿ.

ಮುಂಬೈ–ಗೋವಾ ದಾರಿಯಲ್ಲಿ ಹಡಗು ಮೊರ್ಮುಗೋವಾ ಬಂದರಿನ ಕಟ್ಟೆಗೆ ತಾಗಿಯೇ ನಿಲ್ಲುವುದರಿಂದ ಅತ್ತೆಯವರು ರೇಲಿಂಗ್ ಹಿಡಿದು ನಿಧಾನವಾಗಿ ಇಳಿಯಬಹುದು. ಲಕ್ಷದ್ವೀಪದಲ್ಲಿ ಹಾಗಿಲ್ಲ. ದೊಡ್ಡ ಹಡಗು ದ್ವೀಪದಿಂದ ದೂರದಲ್ಲಿಯೇ ನಿಲ್ಲುತ್ತದೆ, ಅಲೆಯಲ್ಲಿ ಏರಿಳಿಯುತ್ತಿರುವ ಸಣ್ಣ ದೋಣಿಗೆ ಕಾಲಿಟ್ಟು ದಡ ಸೇರಬೇಕು, ಕಡಲು ಒರಟಾಗಿದ್ದರೆ ಇಳಿಸುವುದನ್ನೇ ಕೈಬಿಡುತ್ತಾರೆ. ಅಲ್ಲಿನ ನೀರಿನ ಬಣ್ಣ ಎಷ್ಟೇ ಚೆಂದವಿದ್ದರೂ ಮೊಣಕಾಲು ನೋವಿನವರನ್ನು ಮೊದಲ ಸಲಕ್ಕೇ ಅಲ್ಲಿಗೆ ಕರೆದೊಯ್ಯಬೇಡಿ ಎಂದೇ ಹೇಳುತ್ತೇನೆ. ಚಳಿಗಾಲವನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇದೆ; ಮುಂಗಾರಿನಲ್ಲಿ ಕೆರಳುವ ಅರಬ್ಬಿ ಸಮುದ್ರ ಡಿಸೆಂಬರಿನ ಹೊತ್ತಿಗೆ ಸಾಕಷ್ಟು ಶಾಂತವಾಗಿರುತ್ತದೆ. ಕ್ರಿಸ್‌ಮಸ್ ವಾರವನ್ನು ಬಿಟ್ಟರೆ ದರವೂ ಇಳಿಯುತ್ತದೆ.

ಇನ್ನು ಕ್ಯಾಬಿನ್. ನನ್ನ ಪ್ರಕಾರ ಹಡಗಿನ ಆಯ್ಕೆಗಿಂತ ಇದೇ ದೊಡ್ಡದು, ಮತ್ತು ಇದರಲ್ಲಿ ನಾನು ಸ್ವತಃ ತಪ್ಪಿದ್ದೇನೆ. ನಾವು ಮೊದಲ ಸಲ ಹೋದಾಗ ಅಗ್ಗವಾಯಿತೆಂದು ಹಡಗಿನ ಮುಂತುದಿಯ, ಕಿಟಕಿಯಿಲ್ಲದ ಕ್ಯಾಬಿನ್ ತೆಗೆದುಕೊಂಡಿದ್ದೆವು. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಸೇಡಂ ರಸ್ತೆಯಲ್ಲಿ ಹೋದವರಿಗೆ ನಡುವಿನ ಸೀಟಿನ ಬೆಲೆ ಗೊತ್ತಿರುತ್ತದೆ. ಹಡಗಿನಲ್ಲಿಯೂ ಮುಂದಿನ, ಹಿಂದಿನ ತುದಿಗಳು ಹೆಚ್ಚು ಏರಿಳಿಯುತ್ತವೆ, ಕೆಳಗಿನ ಡೆಕ್ಕುಗಳ (ಅಂತಸ್ತುಗಳ) ನಡುಭಾಗ ಎಲ್ಲಕ್ಕಿಂತ ಕಡಿಮೆ ಅಲುಗಾಡುತ್ತದೆ. ಅಲುಗಾಟಕ್ಕಿಂತಲೂ ನಮ್ಮ ಅವ್ವನನ್ನು ಹೆದರಿಸಿದ್ದು ಕತ್ತಲೆ. ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ದೀಪ ಆರಿಸಿದರೆ ಬೆಳಗೋ ರಾತ್ರಿಯೋ ತಿಳಿಯದು. ನಡುರಾತ್ರಿ ಎಚ್ಚರವಾಗಿ ಬಚ್ಚಲಿಗೆ ಹೊರಟ ಅವಳ ಕಾಲಿಗೆ ಬಾಗಿಲಿನ ಹೊಸ್ತಿಲು ತಗುಲಿತು. ಹಡಗಿನ ಬಚ್ಚಲಿಗೆ ನೀರು ಹೊರಗೆ ಬಾರದಂತೆ ಎತ್ತರದ ಹೊಸ್ತಿಲಿರುವುದನ್ನು ನಮಗೆ ಯಾರೂ ಹೇಳಿರಲಿಲ್ಲ. ಚೌಕಟ್ಟು ಕೈಗೆ ಸಿಕ್ಕಿತು, ಬೀಳಲಿಲ್ಲ. ಆದರೆ ಮುಂದಿನ ಎರಡು ರಾತ್ರಿ ಅವಳೂ ಮಲಗಲಿಲ್ಲ, ನಾನೂ ಮಲಗಲಿಲ್ಲ.

ಹಾಗಾಗಿ ನಿಮ್ಮ ಆರು ಮಂದಿಗೆ ಎರಡು ಕ್ಯಾಬಿನ್ ತೆಗೆದುಕೊಳ್ಳಿ. ಹಿರಿಯರಿಬ್ಬರಿಗೆ ನಡುಭಾಗದಲ್ಲಿ, ಲಿಫ್ಟಿಗೆ ಸಮೀಪ, ಕಿಟಕಿಯಿರುವ ಕ್ಯಾಬಿನ್ನಿಗೇ ಹಣ ಕೊಡಿ, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರವಿದೆ, ಹಿಡಿಕೆ ಇದೆಯೇ ಎಂದು ಬರಹದಲ್ಲಿ ಕೇಳಿ. ನಿಮಗೂ ಮಕ್ಕಳಿಗೂ ಅದರ ಎದುರಿಗೆ, ಗೋಡೆಗೆ ರೈಲಿನಂತೆ ಮೇಲಿನ ಬರ್ತ್ ಇರುವ ಒಳಗಿನ ಕ್ಯಾಬಿನ್ ಸಾಕು, ಏಕೆಂದರೆ ಮಕ್ಕಳು ಮಲಗಲು ಮಾತ್ರ ಅಲ್ಲಿಗೆ ಬರುತ್ತಾರೆ. ‘ಕ್ಯಾಬಿನ್ ಸಂಖ್ಯೆ ಆಮೇಲೆ ತಿಳಿಸುತ್ತೇವೆ’ ಎನ್ನುವ ಅಗ್ಗದ ಟಿಕೆಟ್ ನಿಮಗೆ ಬೇಡ. ಡೆಕ್ಕುಗಳ ನಕ್ಷೆ ತರಿಸಿಕೊಂಡು ಮೇಲೆಯೂ ಕೆಳಗೆಯೂ ಬೇರೆ ಕ್ಯಾಬಿನ್ನುಗಳೇ ಇವೆಯೇ ನೋಡಿ. ತಲೆಯ ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ಕೇಳುತ್ತದೆ.

ದರದ ವಿಷಯದಲ್ಲಿ ಒಂದು ಎಚ್ಚರಿಕೆ. ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇರುವ ಲೆಕ್ಕದಲ್ಲಿ ತಲಾ ದರ. ಅದೇ ಕ್ಯಾಬಿನ್ನಿನ ಮೂರನೆಯ, ನಾಲ್ಕನೆಯವರಿಗೆ ಕಡಿಮೆಯಾಗುತ್ತದೆ, ಆದರೆ ಬಂದರು ಶುಲ್ಕ, ಸಿಬ್ಬಂದಿಯ ಸೇವಾಶುಲ್ಕ, ಜಿಎಸ್‌ಟಿ ಎಲ್ಲ ಮೇಲೆ ಬೀಳುತ್ತವೆ. ಎಲ್ಲವೂ ಸೇರಿದ ಆರು ಮಂದಿಯ ಒಟ್ಟು ಮೊತ್ತವನ್ನು ಬರೆಸಿಕೊಂಡೇ ಹೋಲಿಸಿ. ಹಡಗಿನ ಆಸ್ಪತ್ರೆಯ ಬಿಲ್ ಬೇರೆ ಇರುವುದರಿಂದ ಪ್ರವಾಸ ವಿಮೆ ಅಗತ್ಯ. ಮಾವನವರ ಬಿ.ಪಿ. ಮಾತ್ರೆಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಗಳನ್ನು ದಡದಲ್ಲಿಯೇ ತೆಗೆದುಕೊಳ್ಳುತ್ತಾರೆ, ಅವು ಕ್ಯಾಬಿನ್ ಮುಟ್ಟುವಾಗ ಸಂಜೆಯಾಗುತ್ತದೆ.

ಇಷ್ಟೆಲ್ಲ ಹಣ ಹೂಡುವ ಮೊದಲು, ಮುಂಬೈಗೆ ಬೇರೆ ಕೆಲಸಕ್ಕೆ ಹೋದಾಗ ಅತ್ತೆ ಮಾವನವರನ್ನು ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ಹೋಗುವ, ವಾಹನಗಳನ್ನೂ ಒಯ್ಯುವ ರೋ-ರೋ ಹಡಗಿನಲ್ಲಿ ಒಮ್ಮೆ ಕರೆದೊಯ್ಯಿರಿ. ಸುಮಾರು ಒಂದು ಗಂಟೆಯ ಆ ಪಯಣದಲ್ಲಿಯೇ ಯಾರಿಗೆ ತಲೆ ಸುತ್ತುತ್ತದೆ ಎಂಬುದರ ಸುಳಿವು ಸಿಗುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹೊಯ್ದಾಟ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ಅದು ಮಂಪರು ತರುವುದರಿಂದ ವಯಸ್ಸಾದವರಿಗೆ ಯಾವುದು ಆಗುತ್ತದೆ ಎಂದು ನಿಮ್ಮ ವೈದ್ಯರನ್ನೇ ಕೇಳಿ.

ಪ್ರಶ್ನೆ: ಹಡಗು ದೊಡ್ಡದಾದಷ್ಟೂ ನೂಕುನುಗ್ಗಲು ಹೆಚ್ಚು ಎನ್ನುತ್ತಾರೆ. ನಿಜವೇ?
– ಶಿಕ್ಷಕರು, ಬೀದರ್

ಉತ್ತರ: ಇದನ್ನು ನೀವೇ ಭಾಗಾಕಾರ ಮಾಡಿ ನೋಡಬಹುದು. ಹಡಗಿನ ಗ್ರಾಸ್ ಟನ್ನೇಜ್ ಎಂಬುದು ತೂಕದ ಲೆಕ್ಕವಲ್ಲ, ಒಳಗಿನ ಒಟ್ಟು ಜಾಗದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಜಾಗ ಬರುತ್ತದೆಂದು ತಿಳಿಯುತ್ತದೆ. 2021ರಲ್ಲಿ ಮುಂಬೈಯಿಂದ ಸಂಚಾರ ಆರಂಭಿಸಿದ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ 1990ರಲ್ಲಿ ಕಟ್ಟಿದ ಹಡಗು; ಅದರ ಟನ್ನೇಜ್ 48 ಸಾವಿರಕ್ಕೂ ಹೆಚ್ಚು, ಕ್ಯಾಬಿನ್ನಿಗೆ ಇಬ್ಬರಂತೆ ಸುಮಾರು 1,600 ಮಂದಿ, ಅಂದರೆ ತಲೆಗೆ ಸುಮಾರು 30. 2024ರಲ್ಲಿ ಸಂಚಾರಕ್ಕಿಳಿದ ‘ಐಕಾನ್ ಆಫ್ ದಿ ಸೀಸ್’ 2,48,663 ಟನ್ನೇಜಿನದು, ಅದೇ ಲೆಕ್ಕದಲ್ಲಿ 5,610 ಮಂದಿಯದು, ತಲೆಗೆ 44. ಅಂದರೆ ಬಹುದೊಡ್ಡ ಹಡಗಿನಲ್ಲಿ ಜಾಗ ಹೆಚ್ಚೇ ಇರುತ್ತದೆ. ಆದರೆ ಉದ್ದ ಸುಮಾರು 365 ಮೀಟರ್ ಇರುವುದರಿಂದ ಕ್ಯಾಬಿನ್ನಿನಿಂದ ಊಟದ ಸಾಲಿಗೆ ಹೋಗಿಬರುವುದೇ ಒಂದು ನಡಿಗೆಯಾಗುತ್ತದೆ. ಸಣ್ಣ ಹಳೆಯ ಹಡಗಿನಲ್ಲಿ ಎಲ್ಲವೂ ಹತ್ತಿರವಿರುತ್ತದೆ, ಬಾಲ್ಕನಿ ಕ್ಯಾಬಿನ್ನುಗಳು ಮಾತ್ರ ಕಡಿಮೆ. ನಡೆಯಲಾಗದ ಹಿರಿಯರಿದ್ದರೆ ನಾನು ಸಣ್ಣದನ್ನೇ ಆರಿಸುತ್ತೇನೆ.

ಪ್ರಶ್ನೆ: ಸಿಂಗಪುರದಿಂದ ಹೊರಡುವ ಕ್ರೂಸ್‌ಗೆ ಹೋಗುತ್ತಿದ್ದೇವೆ. ನಾವು ಶುದ್ಧ ಸಸ್ಯಾಹಾರಿಗಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದೇ? ವೀಸಾ ಹೇಗೆ?
– ವ್ಯಾಪಾರಿ, ಯಾದಗಿರಿ

ಉತ್ತರ: ಮನೆಯಲ್ಲಿ ಮಾಡಿದ ತಿನಿಸನ್ನು ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ, ಕಾರ್ಖಾನೆಯಲ್ಲಿ ಮುಚ್ಚಿದ, ಲೇಬಲ್ ಇರುವ ಪೊಟ್ಟಣಕ್ಕೆ ಅವಕಾಶವಿದೆಯೇ ಎಂದು ಟಿಕೆಟ್ ಮಾಡಿಸುವಾಗಲೇ ಕೇಳಿ. ಭಾರತೀಯ ಸಸ್ಯಾಹಾರ ಬೇಕೆಂಬುದನ್ನೂ, ಬೆಳ್ಳುಳ್ಳಿ ಈರುಳ್ಳಿ ಬೇಡವಾದರೆ ಅದನ್ನೂ ಆಗಲೇ ಬರೆಸಿ, ಹಡಗು ಹತ್ತಿದ ದಿನವೇ ಊಟದ ಮನೆಯ ಮುಖ್ಯಸ್ಥರಿಗೆ ಮತ್ತೊಮ್ಮೆ ತಿಳಿಸಿ. ವೀಸಾದಲ್ಲಿ ಗಮನಿಸಬೇಕಾದದ್ದು ಇದು: ಹಡಗು ಸಿಂಗಪುರ ಬಿಟ್ಟು ಬೇರೆ ದೇಶಕ್ಕೆ ಹೋಗಿ ಮರಳಿದಾಗ ನೀವು ಎರಡನೆಯ ಸಲ ಸಿಂಗಪುರವನ್ನು ಪ್ರವೇಶಿಸಿದಂತೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕು. ನಡುವೆ ಹಡಗು ನಿಲ್ಲುವ ಪ್ರತಿಯೊಂದು ದೇಶದ ನಿಯಮವನ್ನೂ ಹಡಗಿನ ಕಂಪನಿಯಿಂದ ಬರಹದಲ್ಲಿ ಪಡೆದುಕೊಳ್ಳಿ, ದಡಕ್ಕೆ ಇಳಿಯದೆ ಹಡಗಿನಲ್ಲಿಯೇ ಉಳಿಯುವುದಾದರೂ ಅದು ಅನ್ವಯಿಸಬಹುದು. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಹೆಚ್ಚು ಉಳಿದಿದೆಯೇ ಎಂದು ಮಕ್ಕಳದ್ದನ್ನೂ ತೆರೆದು ನೋಡಿ. ಮಕ್ಕಳ ಪಾಸ್‌ಪೋರ್ಟ್ ದೊಡ್ಡವರದ್ದಕ್ಕಿಂತ ಬೇಗ ಮುಗಿಯುತ್ತದೆ.